ಸುರಂಗದ ಟಾಂಕಿ, 140 ಮೀಟರ್ ದೂರದ ಸ್ಟಾರ್ಟರ್: ಡ್ರೈ ರನ್ ತಡೆಯುವ ಸರ್ಕ್ಯೂಟು ಕಟ್ಟಿದ ಲೆಕ್ಕ

ಜಾಗ ಕಾಸರಗೋಡಿನ ಬಾಯಾರು ಕಡೆಯ ಒಂದು ಅಡಿಕೆ ತೋಟ. ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗದಿಂದ ನೀರು ತಾನಾಗಿ ಇಳಿದು ಸಿಮೆಂಟು ಟಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದುದು ಈಗ ಪಿವಿಸಿ ಪೈಪಿನಲ್ಲಿ ಬರುತ್ತದೆ, ವ್ಯತ್ಯಾಸ ಅಷ್ಟೇ. ಟಾಂಕಿಯ ಪಕ್ಕದಲ್ಲಿ 1 ಎಚ್‌ಪಿ ಸಿಂಗಲ್ ಫೇಸ್ ಮೊನೊಬ್ಲಾಕ್ ಪಂಪು, ಅಲ್ಲಿಂದ ಸ್ಪ್ರಿಂಕ್ಲರ್ ಲೈನು. ಸ್ಟಾರ್ಟರ್ ಇರುವುದು ಮಾತ್ರ 140 ಮೀಟರ್ ದೂರದಲ್ಲಿ, ಮನೆಯ ಹಿಂದಿನ ಕೊಟ್ಟಿಗೆಯ ಗೋಡೆಯಲ್ಲಿ. ಸ್ವಿಚ್ಚು ಹಾಕುವವರಿಗೆ ಟಾಂಕಿ ಕಾಣುವುದಿಲ್ಲ. ನೀರು ಮುಗಿದ ಮೇಲೂ ಪಂಪು ತಿರುಗುತ್ತಲೇ ಇರುತ್ತದೆ, ಇದೇ ಡ್ರೈ ರನ್. ಮೆಕ್ಯಾನಿಕಲ್ ಸೀಲಿಗೆ (ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ತಂಪು ಕೊಡುವುದು ಪಂಪಿನೊಳಗಿನ ನೀರೇ ಆದ್ದರಿಂದ ಮೊದಲು ಸೀಲು ಸುಡುತ್ತದೆ, ಆಮೇಲೆ ನೀರು ಬೇರಿಂಗಿಗೆ ಇಳಿಯುತ್ತದೆ.

ಬೇಕಾದದ್ದು ಎರಡು. ಟಾಂಕಿಯ ಮಟ್ಟ ಕೊಟ್ಟಿಗೆಗೆ ತಿಳಿಯಬೇಕು. ನೀರು ಇಳಿದಾಗ, ಅಥವಾ ಟಾಂಕಿ ತುಂಬಿದ್ದೂ ಫುಟ್ ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ಸೋರಿ ಪಂಪು ಗಾಳಿ ಎಳೆಯುವಾಗ, ಮೋಟಾರು ತಾನೇ ನಿಲ್ಲಬೇಕು.

ಹಂತ 1. ಅಳತೆ, ಮಾರ್ಚ್ ಮೊದಲ ವಾರ

ಟಾಂಕಿ ಒಳಗಿನಿಂದ 3 ಮೀಟರ್ ಉದ್ದ, 2.4 ಮೀಟರ್ ಅಗಲ, 1.5 ಮೀಟರ್ ಆಳ. ಅಂದರೆ ಪ್ರತಿ ಸೆಂಟಿಮೀಟರಿಗೆ 72 ಲೀಟರ್. ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದರೆ ತುಂಬಲು 70 ಸೆಕೆಂಡ್, ಗಂಟೆಗೆ ಸುಮಾರು 514 ಲೀಟರ್ ಒಳಹರಿವು. ಪಂಪು ಎಳೆಯುವುದು ನಿಮಿಷಕ್ಕೆ 120 ಲೀಟರ್. ಫುಟ್ ವಾಲ್ವ್ ತಳದಿಂದ 15 ಸೆಂ.ಮೀ. ಮೇಲಿದೆ, ಕೆಳಗೆ ಕೆಸರು.

ಇದರಿಂದ ಮೂರು ಮಟ್ಟ ಗೊತ್ತುಮಾಡಿದ್ದು: ತಳದಿಂದ 45 ಸೆಂ.ಮೀ.ಯಲ್ಲಿ ಪಂಪು ನಿಲ್ಲಬೇಕು, 100ರಲ್ಲಿ ಮತ್ತೆ ಶುರು ಮಾಡಬಹುದು, 140 ಎಂದರೆ ತುಂಬಿದೆ. 45ಕ್ಕಿಂತ ಕೆಳಗೆ ಇಟ್ಟರೆ ನೀರು ಸುಳಿ ತಿರುಗಿ ಫುಟ್ ವಾಲ್ವಿಗೆ ಗಾಳಿ ಸೇರುತ್ತದೆ. ಈ ಅಳತೆಯಲ್ಲಿ ಒಮ್ಮೆ ತುಂಬಿದರೆ 6,840 ಲೀಟರ್ ಸಿಗುತ್ತದೆ, ಒಂದು ಗಂಟೆಯ ಓಟ. ಮತ್ತೆ ತುಂಬಲು ಹದಿಮೂರು ಗಂಟೆ.

ಹಂತ 2. ಅಲ್ಟ್ರಾಸಾನಿಕ್ ಸೆನ್ಸರ್, ನಾಲ್ಕು ದಿನಕ್ಕೆ ಬಿಟ್ಟದ್ದು

ಜೆಎಸ್‌ಎನ್-ಎಸ್‌ಆರ್04ಟಿ, ನೀರು ತಾಗಿದರೂ ಹಾಳಾಗದ ಬಗೆಯದ್ದು, 350 ರೂಪಾಯಿ. ಮುಖದಿಂದ ಸುಮಾರು 20 ಸೆಂ.ಮೀ. ಒಳಗಿನದ್ದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಟಾಂಕಿಯ ಅಂಚಿಗಿಂತ ಮೇಲೆ ಕಂಬಿ ಕಟ್ಟಿ ಕೂರಿಸಬೇಕಾಯಿತು. ಹಗಲು ಸರಿಯಾಗಿತ್ತು. ಬೆಳಗಿನ ಜಾವ ಮುಖದ ಮೇಲೆ ಇಬ್ಬನಿ ಕೂತು ಓದು ನೆಗೆಯತೊಡಗಿತು. ಸುರಂಗದ ಪೈಪಿನಿಂದ ಬೀಳುವ ನೀರಿನ ಅಲೆಯಿಂದ 4–5 ಸೆಂ.ಮೀ. ಏರಿಳಿತ. ಟಾಂಕಿಗೆ ಸೋಗೆ ಬಿದ್ದ ದಿನ ಅದು ತೋರಿಸಿದ್ದು ಸೋಗೆಯ ಎತ್ತರ. ಮುಚ್ಚಿದ ಪ್ಲಾಸ್ಟಿಕ್ ಟ್ಯಾಂಕಿಗೆ ಇದು ಸಾಕಾಗಬಹುದು, ತೋಟದ ತೆರೆದ ಟಾಂಕಿಗೆ ಬೇಡ.

ಹಂತ 3. ಸುರಂಗದ ನೀರು ಸರ್ಕ್ಯೂಟಿಗೆ ಕಾಣಲಿಲ್ಲ, ಮಾರ್ಚ್ ಎರಡನೇ ವಾರ

ಈ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದೇ. ನೀರಿಗೆ ಎರಡು ತಂತಿ ಇಳಿಸಿ ಅದರ ಮೂಲಕ ಕರೆಂಟು ಹರಿಯುತ್ತದೋ ನೋಡುವ ಸರ್ಕ್ಯೂಟುಗಳು ಎಲ್ಲೆಡೆ ಸಿಗುತ್ತವೆ. ಮೊದಲು ಕಟ್ಟಿದ್ದು ಪಿಸಿ817 ಆಪ್ಟೋಕಪ್ಲರಿನದ್ದು (ಒಳಗಿನ ದೀಪ ಹೊತ್ತಿದಾಗ ಆ ಬೆಳಕಿನಿಂದ ಸಿಗ್ನಲ್ ಕೊಡುವ ಬಿಡಿಭಾಗ): 5 ವೋಲ್ಟಿನಿಂದ ಆಪ್ಟೋದ ಎಲ್‌ಇಡಿ, ಅಲ್ಲಿಂದ ನೀರಿನ ಮೂಲಕ ನೆಲ. ಮೇಜಿನ ಮೇಲೆ ಲೋಟದಲ್ಲಿ ಬೋರ್‌ವೆಲ್ ನೀರು ಹಾಕಿ ಪರೀಕ್ಷಿಸಿದಾಗ ತಂತಿ ತಾಗಿದ ಕೂಡಲೇ ಸಿಗ್ನಲ್ ಬಂತು. ಟಾಂಕಿಗೆ ಇಳಿಸಿದರೆ ತುದಿ ತಾಗಿ 7–8 ಸೆಂ.ಮೀ. ಮುಳುಗುವವರೆಗೂ ಏನೂ ಇಲ್ಲ.

ಹತ್ತು ನಿಮಿಷದ ಅಳತೆ ಮೊದಲೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದಾಗ ಬೋರ್‌ವೆಲ್ ನೀರು 140, ಸುರಂಗದ ನೀರು 28. ಮುರಕಲ್ಲಿನ ಮೂಲಕ ಇಳಿದ ಮಳೆನೀರಿನಲ್ಲಿ ಕರಗಿದ ಲವಣ ತೀರಾ ಕಡಿಮೆ, ಹಾಗಾಗಿ ಕರೆಂಟು ಹರಿಯುವುದೂ ಕಡಿಮೆ. 6 ಮಿ.ಮೀ. ದಪ್ಪದ ಎರಡು ಸ್ಟೀಲ್ ಸಲಾಕೆಗಳನ್ನು 5 ಸೆಂ.ಮೀ. ಅಂತರದಲ್ಲಿ ಹಿಡಿದು ನೋಡಿದರೆ, ತುದಿಯ ಅರ್ಧ ಸೆಂ.ಮೀ. ತಾಗಿದಾಗ ಸುಮಾರು 30 ಕಿಲೋ ಓಂ, 10 ಸೆಂ.ಮೀ. ಮುಳುಗಿದಾಗ 2 ಕಿಲೋ ಓಂ. 30 ಕಿಲೋ ಓಂ ದಾಟಿ ಆಪ್ಟೋಗೆ ಸಿಗುವುದು 0.13 ಮಿಲಿಆಂಪ್. ಅಷ್ಟರಲ್ಲಿ ಅದು ಸರಿಯಾಗಿ ಎಚ್ಚರಗೊಳ್ಳುವುದೇ ಇಲ್ಲ, ಒಂದು ಮಿಲಿಆಂಪಾದರೂ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಮಲ್ಟಿಮೀಟರಿನ ಓಂ ಸ್ಕೇಲಿನಲ್ಲಿ ನೀರನ್ನು ಅಳೆದರೆ ಅಂಕಿ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ. ಮೀಟರು ಒಂದೇ ದಿಕ್ಕಿಗೆ ಕರೆಂಟು ಹರಿಸುವುದರಿಂದ ಸಲಾಕೆಯ ಮೇಲ್ಮೈ ಬದಲಾಗುತ್ತದೆ. ಮೊದಲ ಒಂದೆರಡು ಸೆಕೆಂಡಿನ ಅಂಕಿ ಬರೆದುಕೊಂಡು, ತಂತಿ ತಿರುಗಿಸಿ ಇನ್ನೊಮ್ಮೆ ನೋಡಬೇಕು.

ಅದೇ ಕಾರಣಕ್ಕೆ ಎರಡನೆಯ ಪೆಟ್ಟು: ಪರೀಕ್ಷೆಗೆಂದು ಇಳಿಸಿದ್ದ ತಾಮ್ರದ ತಂತಿಗಳಲ್ಲಿ ಪಾಸಿಟಿವ್ ಕಡೆಯದ್ದು ಒಂಬತ್ತು ದಿನದಲ್ಲಿ ಹಸಿರುಗಟ್ಟಿ ತೆಳುವಾಗಿತ್ತು. ನೆಗೆಟಿವ್ ಕಡೆಯದ್ದಕ್ಕೆ ಏನೂ ಆಗಿರಲಿಲ್ಲ. ನಿರಂತರ ಡಿಸಿ (ಒಂದೇ ದಿಕ್ಕಿನ ಕರೆಂಟು) ಹಾಕಿದರೆ ಪಾಸಿಟಿವ್ ಕಡೆಯಲ್ಲಿ ಸಾಮಾನ್ಯ ಲೋಹ ಉಳಿಯುವುದಿಲ್ಲ.

ಹಂತ 4. ಸಲಾಕೆ, ಹಿಡಿಕೆ ಮತ್ತು ತಿರುಗುಮುರುಗು ಪಲ್ಸ್, ಮಾರ್ಚ್ ಕೊನೆ

ಈಗ ನಡೆಯುತ್ತಿರುವ ರೀತಿ: 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 6 ಮಿ.ಮೀ. ಸಲಾಕೆ ನಾಲ್ಕು. ಒಂದು ಎಲ್ಲದಕ್ಕೂ ಸಾಮಾನ್ಯ, ಉಳಿದ ಮೂರರ ತುದಿ 45, 100, 140 ಸೆಂ.ಮೀ. ಮಟ್ಟಕ್ಕೆ. ಸಾಮಾನ್ಯ ಸಲಾಕೆಯ ತುದಿ 45ಕ್ಕಿಂತ 5 ಸೆಂ.ಮೀ. ಕೆಳಗೆ ಇರಲೇಬೇಕು. ಎರಡೂ ಸಮ ಇದ್ದರೆ ಅಲೆಗೆ ಸಿಗ್ನಲ್ ಮಿನುಗುತ್ತದೆ.

ಮೈಕ್ರೋಕಂಟ್ರೋಲರ್ (ಪ್ರೋಗ್ರಾಮು ಹಾಕಿ ಓಡಿಸುವ ಸಣ್ಣ ಬೋರ್ಡು) 3.3 ವೋಲ್ಟ್, 8 ಮೆಗಾಹರ್ಟ್ಸಿನ ಪ್ರೊ ಮಿನಿ, ಎಟಿಮೆಗಾ328ಪಿ ಚಿಪ್ಪಿನದ್ದು. ಪ್ರತಿ ಸಲಾಕೆಗೂ ಒಂದು ಡಿಜಿಟಲ್ ಪಿನ್ನಿನಿಂದ 47 ಕಿಲೋ ಓಂ, ಸಲಾಕೆಯ ಕಡೆಯಿಂದ ಅನಲಾಗ್ ಪಿನ್ನಿಗೆ 1 ಕಿಲೋ ಓಂ. ಸಾಮಾನ್ಯ ಸಲಾಕೆ ಇನ್ನೊಂದು ಡಿಜಿಟಲ್ ಪಿನ್ನಿಗೆ. ಅಳೆಯುವಾಗ ಒಂದು ಮಿಲಿಸೆಕೆಂಡ್ ಸಲಾಕೆಯ ಪಿನ್ನು 3.3 ವೋಲ್ಟಿಗೆ, ಸಾಮಾನ್ಯದ್ದು ಸೊನ್ನೆಗೆ; ಆಗ ಓದು. ಮುಂದಿನ ಒಂದು ಮಿಲಿಸೆಕೆಂಡ್ ಉಲ್ಟಾ, ಓದು ಬೇಡ. ಆಮೇಲೆ ಎರಡನ್ನೂ ಸೊನ್ನೆಗೆ ತಂದು ಬಿಡುವುದು. ಎರಡೂ ದಿಕ್ಕಿಗೆ ಸಮ ಹೊತ್ತು ಹರಿದ ಕಾರಣ ಲೋಹ ಕರಗುವುದಿಲ್ಲ. ಮೂರು ತಿಂಗಳ ನಂತರವೂ ಸಲಾಕೆಯ ತುದಿಯಲ್ಲಿ ಗರಗಸದ ಗೆರೆ ಹಾಗೇ ಇದೆ.

ಓದು (ಅನಲಾಗ್ ಪಿನ್ನಿನ ವೋಲ್ಟೇಜು 0ಯಿಂದ 1023ರ ಅಂಕಿಯಾಗಿ) ಹೀಗೆ: ಗಾಳಿಯಲ್ಲಿ 1023, ತುದಿ ತಾಗಿದಾಗ 400ರ ಆಸುಪಾಸು, 10 ಸೆಂ.ಮೀ. ಮುಳುಗಿದರೆ 40. ಗಡಿ 600ಕ್ಕೆ ಇಟ್ಟದ್ದು. ಗಡಿಯನ್ನು ಬೇರೆಯವರ ಸರ್ಕ್ಯೂಟಿನಿಂದ ಎತ್ತಿಕೊಳ್ಳಬೇಡಿ. ನಿಮ್ಮ ಟಾಂಕಿಯ ನೀರಿನಲ್ಲೇ ಅಳೆಯಿರಿ. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಬಾವಿಗೂ ಗುಡ್ಡದ ಸುರಂಗಕ್ಕೂ ಓದಿನಲ್ಲಿ ಅಜಗಜಾಂತರ ಬರುತ್ತದೆ.

ಹಿಡಿಕೆ ಮೊದಲು ಹಲಸಿನ ಹಲಗೆಯದ್ದು. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಟಾಂಕಿಯ ಆವಿ ಕುಡಿದ ಮರವೇ ಕರೆಂಟು ಹರಿಸತೊಡಗಿ, ನೀರು ಕೆಳಗಿದ್ದರೂ ಓದು 1023ರಿಂದ 700ಕ್ಕೆ ಇಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಖಾಲಿ ಟಾಂಕಿ ತುಂಬಿದೆ ಎನ್ನುತ್ತಿತ್ತು. ಅದನ್ನು ಕಿತ್ತು, ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯನ್ನು ಕೊಯ್ದು 6 ಮಿ.ಮೀ. ತೂತು ಹಾಕಿ ಬಳಸಿದ್ದು. ಸಲಾಕೆಗಳಿಗೆ ತುದಿಯ 3 ಸೆಂ.ಮೀ. ಬಿಟ್ಟು ಉಳಿದದ್ದಕ್ಕೆಲ್ಲ ಹೀಟ್ ಶ್ರಿಂಕ್ ಕೊಳವೆ. ಸುರಂಗದ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕಂದುಬಣ್ಣದ ಲೋಳೆ ಸಲಾಕೆಯ ಮೈಗೆ ಹತ್ತುತ್ತದೆ. ಒದ್ದೆ ಲೋಳೆ ಒಂದು ಸಲಾಕೆಯಿಂದ ಇನ್ನೊಂದಕ್ಕೆ ಸೇತುವೆಯಾಗದಂತೆ ತಡೆಯುವುದು ಈ ಕೊಳವೆ.

ತಂತಿ ಜೋಡಿಸುವಾಗ ಬೆಸುಗೆ ಹಿಡಿಯಲಿಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಸಾಮಾನ್ಯ ರೋಸಿನ್ ಫ್ಲಕ್ಸಿನಲ್ಲಿ (ಬೆಸುಗೆ ಹಿಡಿಯಲು ಹಚ್ಚುವ ರಾಳ) ಸೀಸ, ಅಂದರೆ ಬೆಸುಗೆಯ ಲೋಹ, ಅಂಟುವುದಿಲ್ಲ, ಮುತ್ತಿನ ಹಾಗೆ ಉರುಳಿ ಬೀಳುತ್ತದೆ. ಆಸಿಡ್ ಫ್ಲಕ್ಸ್ ಹಾಕಿದರೆ ಅಂಟುತ್ತದೆ, ಆದರೆ ಅದರ ಉಳಿಕೆ ಮಳೆಗಾಲದಲ್ಲಿ ತಾಮ್ರವನ್ನು ತಿನ್ನುತ್ತದೆ. ಸಲಾಕೆಯ ತಲೆಗೆ ಎಂ6 ಮರೆ (ನಟ್ಟು ಕೂರುವ ತಿರುಪಿನ ಗೆರೆ) ಕೊಯ್ಯಿಸಿ, ರಿಂಗ್ ಲಗ್, ವಾಷರ್, ಎರಡು ನಟ್ಟು ಹಾಕಿ ಬಿಗಿಮಾಡಿದ್ದೇ ಸರಿ. ಅದರ ಮೇಲೆ ಸಿಲಿಕೋನ್. ವಿನೆಗರಿನ ವಾಸನೆ ಬರುವ ಸಿಲಿಕೋನ್ ತರಬೇಡಿ. ಒಣಗುವಾಗ ಅದು ಬಿಡುವ ಆಮ್ಲ ತಂತಿಯನ್ನು ಹಸಿರಾಗಿಸುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದೇ ಆಗಬೇಕು.

ಹಂತ 5. ರೇಡಿಯೋ, ಏಪ್ರಿಲ್ ಮೊದಲೆರಡು ವಾರ

ಟಾಂಕಿಯಿಂದ ಕೊಟ್ಟಿಗೆಗೆ ಸಿಗ್ನಲ್ ತಂತಿ ಎಳೆಯುವ ಯೋಚನೆ ಬಿಟ್ಟದ್ದು ಸಿಡಿಲಿನ ಕಾರಣಕ್ಕೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆ, ಮತ್ತೆ ತುಲಾ ಮಳೆ (ಅಕ್ಟೋಬರ್–ನವೆಂಬರಿನ ಹಿಂಗಾರು). ಈ ಎರಡು ಹೊತ್ತಿನಲ್ಲಿ 140 ಮೀಟರಿನ ತಂತಿ ಎರಡು ಕಡೆಯ ಸರ್ಕ್ಯೂಟನ್ನೂ ಒಟ್ಟಿಗೆ ಸುಡುತ್ತದೆ.

ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸುದ್ದಿ ಕಳಿಸುವ ರೇಡಿಯೋ) ಎರಡು, 866 ಮೆಗಾಹರ್ಟ್ಸಿಗೆ ಹೊಂದಿಸಿದ್ದು. ನಮ್ಮಲ್ಲಿ ಪರವಾನಗಿ ಬೇಡದ ತರಂಗಪಟ್ಟಿ 865ರಿಂದ 868. ಉದಾಹರಣೆ ಪ್ರೋಗ್ರಾಮುಗಳಲ್ಲಿ 915 ಅಥವಾ 868 ಇರುತ್ತದೆ, ಬದಲಾಯಿಸಲು ಮರೆಯಬಾರದು. ಈ ಮಾಡ್ಯೂಲಿನ ಕಾಲುಗಳ ಅಂತರ 2 ಮಿ.ಮೀ., ಚುಕ್ಕಿ ಬೋರ್ಡಿನದ್ದು 2.54. ನೇರ ಕೂರುವುದಿಲ್ಲ. ಮಾಡ್ಯೂಲನ್ನು ಬೆನ್ನಿಗೆ ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿ, ಹಲವು ಎಳೆಯ ತಂತಿಯಿಂದ ಒಂದೇ ಎಳೆ ಬಿಡಿಸಿ ಪ್ರತಿ ಕಾಲಿಗೂ ಬೆಸೆದದ್ದು. ಕಾವಿ (ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್) 330 ಡಿಗ್ರಿಯಲ್ಲಿ, ಮೊನೆ ತೆಳುವಾದದ್ದು, 63/37 ಸೀಸ 0.5 ಮಿ.ಮೀ. ದಪ್ಪದ್ದು. ಮೊದಲು ಮಾಡ್ಯೂಲಿನ ಅರ್ಧಚಂದ್ರದಂಥ ಕಾಲಿಗೆ ಸೀಸ ತುಂಬಿಸಿಕೊಂಡು, ಮೇಲೆ ಎಳೆ ಇಟ್ಟು ಕಾವಿಯನ್ನು ಎರಡು ಸೆಕೆಂಡು ತಾಗಿಸಿದರೆ ಎಳೆ ತಾನಾಗಿ ಒಳಗೆ ಮುಳುಗುತ್ತದೆ. ಹೊಳಪಾಗಿ, ತಂತಿಯ ಬದಿಗೆ ತೆಳುವಾಗಿ ಏರಿ ನಿಂತರೆ ಬೆಸುಗೆ ಸರಿ. ಮಂಕಾಗಿ ಗುಡ್ಡೆ ಕಟ್ಟಿದರೆ ಫ್ಲಕ್ಸ್ ಹಾಕಿ ಇನ್ನೊಮ್ಮೆ.

ಮೊದಲ ಮಾಡ್ಯೂಲ್ ಸತ್ತದ್ದು ಪೂರ್ತಿ ಕೈತಪ್ಪಿನಿಂದ. ಪ್ರೋಗ್ರಾಮ್ ಹಾಕುವ ಯುಎಸ್‌ಬಿ ಅಡಾಪ್ಟರಿನ ಜಂಪರ್ 5 ವೋಲ್ಟಿನಲ್ಲೇ ಇತ್ತು. ಪ್ರೊ ಮಿನಿ ತಡೆದುಕೊಂಡಿತು. 3.9 ವೋಲ್ಟಿನ ಮೇಲೆ ತಾಳದ ಆರ್‌ಎಫ್‌ಎಂ95 ಬೆಚ್ಚಗಾಗಿ ಸುಮ್ಮನಾಯಿತು. 650 ರೂಪಾಯಿ. ಈಗ ಆ ಅಡಾಪ್ಟರಿನ ಜಂಪರನ್ನು 3.3ರಲ್ಲಿ ಬೆಸುಗೆ ಹಾಕಿಯೇ ಬಿಟ್ಟದ್ದಾಗಿದೆ.

ಆಂಟೆನಾ 82 ಮಿ.ಮೀ. ಉದ್ದದ ಗಟ್ಟಿ ತಾಮ್ರದ ತಂತಿ. ಪೆಟ್ಟಿಗೆಯನ್ನು ಜಿಐ ಪೈಪಿನ ಕಂಬಕ್ಕೆ ಕಟ್ಟಿದಾಗ ಆಂಟೆನಾ ಪೈಪಿಗೆ ಒತ್ತಿಕೊಂಡಿತ್ತು, ಕೊಟ್ಟಿಗೆಯಲ್ಲಿ ಸಿಗ್ನಲ್ ಮೈನಸ್ 112 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಪೆಟ್ಟಿಗೆಯನ್ನು ಕಂಬದಿಂದ 20 ಸೆಂ.ಮೀ. ಹೊರಗೆ ಚಾಚಿ ಕಟ್ಟಿದ ಮೇಲೆ ಮೈನಸ್ 94. ಸೋಗೆಗಳೆಲ್ಲ ಒದ್ದೆಯಾದ ದಿನ ಮೈನಸ್ 101ಕ್ಕೆ ಇಳಿಯುತ್ತದೆ, ಅದು ತೊಂದರೆಯಲ್ಲ. ಆಂಟೆನಾ ಹಾಕದೆ ಯಾವತ್ತೂ ಪ್ರಸಾರ ಮಾಡಿಸಬಾರದು.

ವಿದ್ಯುತ್ತಿಗೆ ಒಂದು 18650 ಸೆಲ್ಲು, 2000 ಮಿಲಿಆಂಪ್‌ಅವರ್, ಎಂಸಿಪಿ1700 ರೆಗ್ಯುಲೇಟರ್, 6 ವೋಲ್ಟ್ 1 ವ್ಯಾಟಿನ ಸೋಲಾರ್ ಹಲಗೆ, ಚಾರ್ಜಿಗೆ ಟಿಪಿ4056. ಟಿಪಿ4056 ಬೋರ್ಡಿನಲ್ಲಿ ಬರುವ 1.2 ಕಿಲೋ ಓಂ ರೆಸಿಸ್ಟರ್ 1 ಆಂಪ್ ಕೇಳುತ್ತದೆ, ಇಷ್ಟು ಸಣ್ಣ ಹಲಗೆ ಅದರಡಿಯಲ್ಲಿ ಕುಸಿಯುತ್ತದೆ. ಅದನ್ನು ಕಿತ್ತು 10 ಕಿಲೋ ಓಂ ಹಾಕಿದರೆ 130 ಮಿಲಿಆಂಪ್. ಪ್ರೊ ಮಿನಿಯ ಪವರ್ ಎಲ್‌ಇಡಿ ಮತ್ತು ಅದರ ಮೇಲಿನ ರೆಗ್ಯುಲೇಟರನ್ನೂ ಕಾವಿಯಿಂದ ಎತ್ತಿ ತೆಗೆದದ್ದು.

ಆದರೂ ನಿದ್ದೆಯಲ್ಲಿರುವಾಗ ಮೀಟರು 1.6 ಮಿಲಿಆಂಪ್ ತೋರಿಸುತ್ತಿತ್ತು. ಎರಡು ಸಂಜೆ ಬೋರ್ಡಿನಲ್ಲಿ ಸೋರಿಕೆ ಹುಡುಕಿದ್ದು ದಂಡ. ಪ್ರಸಾರ ಮುಗಿದ ಮೇಲೆ ರೇಡಿಯೋವನ್ನು ಮಲಗಿಸುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇರಲಿಲ್ಲ, ಅದು ಸ್ಟ್ಯಾಂಡ್‌ಬೈಯಲ್ಲೇ ಕೂತಿತ್ತು. ಸಾಲು ಸೇರಿಸಿದ ಮೇಲೆ ಹತ್ತು ಹದಿನೈದು ಮೈಕ್ರೋಆಂಪ್. 32 ಸೆಕೆಂಡಿಗೊಮ್ಮೆ ಪ್ರಸಾರ ಸೇರಿಸಿ ದಿನಕ್ಕೆ 5 ಮಿಲಿಆಂಪ್‌ಅವರ್ ಆಗುತ್ತದೆ. ಲೆಕ್ಕ ಹಾಕಿದರೆ ಬರಿಯ ಸೆಲ್ಲೇ ಒಂದು ವರ್ಷ ಬರಬೇಕು, ಸೋಲಾರ್ ಹಲಗೆ ಬೇಕಾಗಿಯೇ ಇರಲಿಲ್ಲ. ಅಡಿಕೆ ಮರದ ನೆರಳಿನಲ್ಲಿ ಅದು ಕೊಡುವುದೂ ಅಷ್ಟಕ್ಕಷ್ಟೆ.

32 ಸೆಕೆಂಡಿಗೆ ಟಾಂಕಿ ಇಳಿಯುವುದು ಒಂದು ಸೆಂ.ಮೀ.ಗಿಂತ ಕಡಿಮೆ. ಮೂರು ನಿಮಿಷ ಯಾವ ಸುದ್ದಿಯೂ ಬಾರದಿದ್ದರೆ ಕೊಟ್ಟಿಗೆಯ ಪೆಟ್ಟಿಗೆ ಪಂಪನ್ನು ನಿಲ್ಲಿಸುತ್ತದೆ. ಆ ಹೊತ್ತಿಗೆ ಹೆಚ್ಚೆಂದರೆ 5 ಸೆಂ.ಮೀ. ಇಳಿದಿರುತ್ತದೆ. ರೇಡಿಯೋ ಹಾಳಾದರೆ ಪಂಪು ನಿಲ್ಲಬೇಕೇ ಹೊರತು ಓಡುತ್ತಿರಬಾರದು.

ಹಂತ 6. ಕೊಟ್ಟಿಗೆಯ ಪೆಟ್ಟಿಗೆ, ಏಪ್ರಿಲ್ ಮೂರನೇ ವಾರ

ಇಲ್ಲಿಂದ ಮುಂದೆ 230 ವೋಲ್ಟ್. ಮೇನ್ ಸ್ವಿಚ್ಚು ತೆಗೆದು, ಟೆಸ್ಟರಿನಿಂದ ನೋಡಿ, ಆಮೇಲೆ ಕೈ ಹಾಕಬೇಕು. ಚುಕ್ಕಿ ಬೋರ್ಡಿನಲ್ಲಿ 230 ಮತ್ತು 5 ವೋಲ್ಟಿನ ನಡುವೆ 8 ಮಿ.ಮೀ. ಜಾಗ ಬಿಟ್ಟು, ನಡುವಿನ ಮೂರು ಸಾಲಿನ ತಾಮ್ರದ ಚುಕ್ಕಿಗಳನ್ನು ಕೆರೆದು ತೆಗೆದದ್ದು.

10 ಆಂಪಿನ ನೀಲಿ ರಿಲೇ (ಸಣ್ಣ ಕರೆಂಟಿನಿಂದ ಹಾಕಿ ತೆಗೆಯುವ ಸ್ವಿಚ್ಚು) ಬೋರ್ಡಿನಲ್ಲಿ ಮೋಟಾರನ್ನು ನೇರ ಓಡಿಸಲು ನೋಡಿದ್ದು ತಪ್ಪು. ಮೋಟಾರು ಓಡುವಾಗ 6.4 ಆಂಪ್ ನಿಜ, ಹೊರಡುವಾಗ ಅದರ ಐದಾರು ಪಟ್ಟು. ರಿಲೇ ಮೇಲೆ ಬರೆದ 10 ಆಂಪ್ ಬಲ್ಬು, ಹೀಟರಿನಂಥ ಹೊರೆಗೆ. ಹನ್ನೊಂದನೆಯ ಸಲ ಚಾಲೂ ಮಾಡಿದಾಗ ಒಳಗಿನ ಸಂಪರ್ಕ ಬೆಸೆದುಕೊಂಡು, ನಿಲ್ಲಿಸಿದರೂ ಪಂಪು ನಿಲ್ಲಲಿಲ್ಲ. ಒಡೆದು ನೋಡಿದರೆ ಎರಡು ಬಿಂದುಗಳು ಸೇರಿ ಒಂದೇ ಗಂಟು, ಸುತ್ತ ಕಪ್ಪು ಮಸಿ. ಡ್ರೈ ರನ್ ತಡೆಯುವ ಸಾಧನವೇ ಡ್ರೈ ರನ್ ಮಾಡಿಸುವ ದಾರಿ ಇದು.

ಈಗ ಸಣ್ಣ ರಿಲೇ ಓಡಿಸುವುದು 12 ಆಂಪ್ ಎಸಿ-3 ದರ್ಜೆಯ, ಅಂದರೆ ಮೋಟಾರಿನ ಹೊರೆಗೆಂದೇ ಮಾಡಿದ ದೊಡ್ಡ ರಿಲೇಯಾದ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ. ಕಾಂಟ್ಯಾಕ್ಟರು ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಹಳೆಯ ಸ್ಟಾರ್ಟರಿನ ಓವರ್‌ಲೋಡ್ ಹಾಗೇ ಉಳಿದಿದೆ. ರಿಲೇ ಬೋರ್ಡು 5 ವೋಲ್ಟಿನ ಲಾಜಿಕ್ಕಿನದ್ದಾದ್ದರಿಂದ 3.3 ವೋಲ್ಟಿನ ಪಿನ್ನು ಅದನ್ನು ಪೂರ್ತಿ ಆರಿಸುತ್ತಿರಲಿಲ್ಲ, ರಿಲೇ ಗುಂಯ್ ಎನ್ನುತ್ತಿತ್ತು. ಬಿಸಿ337 ಟ್ರಾನ್ಸಿಸ್ಟರ್, ಬೇಸಿಗೆ 1 ಕಿಲೋ ಓಂ, ಕಾಯಿಲಿಗೆ ಅಡ್ಡ 1ಎನ್4007 ಹಾಕಿ ಬಿಡಿ ರಿಲೇ ಬಳಸಿದ ಮೇಲೆ ಸರಿಯಾಯಿತು.

ಮುಂದಿನ ತೊಂದರೆ: ಕಾಂಟ್ಯಾಕ್ಟರು ಬಿಡುವ ಕ್ಷಣದಲ್ಲಿ ಪ್ರೊ ಮಿನಿ ರೀಸೆಟ್. ನಾಲ್ಕರಲ್ಲಿ ಒಂದು ಸಲ. ಕಾಯಿಲಿನ ಎರಡು ತುದಿಗೆ ಅಡ್ಡವಾಗಿ 100 ಓಂ 2 ವ್ಯಾಟ್ ಮತ್ತು 0.1 ಮೈಕ್ರೋಫ್ಯಾರಡ್ 275 ವೋಲ್ಟಿನ ಎಕ್ಸ್2 ಕೆಪಾಸಿಟರ್, ಎರಡೂ ಸಾಲಾಗಿ. ರೀಸೆಟ್ ನಿಂತಿತು. ಇಲ್ಲಿ ಸಾಮಾನ್ಯ ಕೆಪಾಸಿಟರ್ ಹಾಕಬಾರದು. ಮೇನ್ಸಿಗೆ ಅಡ್ಡ ಹಾಕಲೆಂದೇ ಮಾಡಿದ ಎಕ್ಸ್2 ಎಂದು ಮೈಮೇಲೆ ಬರೆದಿರಬೇಕು.

ಇನ್ನೊಂದು ಅಭ್ಯಾಸದ ತಪ್ಪು. ಹಲವು ಎಳೆಯ ತಂತಿಯ ತುದಿಗೆ ಸೀಸ ಹಿಡಿಸಿ ಸ್ಕ್ರೂ ಟರ್ಮಿನಲಿಗೆ ಬಿಗಿಯುವುದು ಅಚ್ಚುಕಟ್ಟಾಗಿ ಕಾಣುತ್ತದೆ. ಸೀಸ ಮೆತ್ತಗೆ, ಸ್ಕ್ರೂವಿನ ಒತ್ತಡಕ್ಕೆ ದಿನದಿನ ಸ್ವಲ್ಪ ಸ್ವಲ್ಪ ಜಾರುತ್ತದೆ. ಎರಡು ವಾರದ ಮೇಲೆ ನೋಡಿದರೆ ಸ್ಕ್ರೂ ಅರ್ಧ ಸುತ್ತು ಸಡಿಲ, ಟರ್ಮಿನಲಿನ ಪ್ಲಾಸ್ಟಿಕ್ ಹಳದಿ. ಸೀಸ ಹಿಡಿಸಿದ ತುದಿಗಳನ್ನೆಲ್ಲ ಕತ್ತರಿಸಿ ಫೆರುಲ್ (ತಂತಿಯ ತುದಿಗೆ ಹಾಕುವ ಲೋಹದ ಸಣ್ಣ ಕೊಳವೆ) ಒತ್ತಿದ್ದು. ನೂರು ಫೆರುಲಿನ ಪ್ಯಾಕೆಟ್ಟು 80 ರೂಪಾಯಿಗೆ ಸಿಗುತ್ತದೆ.

ಹಂತ 7. ಆಂಪ್ ನೋಡಿದರೆ ಸಾಲದು, ವ್ಯಾಟ್ ನೋಡಬೇಕು, ಮೇ ಮೊದಲ ವಾರ

ಫುಟ್ ವಾಲ್ವಿಗೆ ಎಲೆ ಸಿಕ್ಕಿ ಪಂಪಿನ ನೀರು ಇಳಿದುಹೋದರೆ ಸಲಾಕೆಗಳು ‘ನೀರಿದೆ’ ಎನ್ನುತ್ತಲೇ ಇರುತ್ತವೆ. ಅದಕ್ಕೆ ಎಸ್‌ಸಿಟಿ-013-030 ಕ್ಲಾಂಪ್, ತಂತಿಯ ಸುತ್ತ ಸಿಕ್ಕಿಸಿ ಕರೆಂಟು ಅಳೆಯುವುದು. ಫೇಸ್ ತಂತಿಯೊಂದನ್ನೇ ಅದರೊಳಗೆ ಹಾಯಿಸಬೇಕು. ಎರಡೂ ತಂತಿ ಇರುವ ಕೇಬಲಿಗೆ ಸಿಕ್ಕಿಸಿದರೆ ಸೊನ್ನೆ ಬರುತ್ತದೆ. 30 ಆಂಪಿಗೆ 1 ವೋಲ್ಟ್ ಕೊಡುವ ಕ್ಲಾಂಪಿನಲ್ಲಿ 6 ಆಂಪಿನ ಸಿಗ್ನಲ್ ತೀರಾ ಸಣ್ಣದು. ತಂತಿಯನ್ನು ಮೂರು ಸುತ್ತು ಹಾಯಿಸಿ, ಪ್ರೋಗ್ರಾಮಿನಲ್ಲಿ ಮೂರರಿಂದ ಭಾಗಿಸಿದರೆ ಓದು ಸ್ಥಿರವಾಗುತ್ತದೆ.

ಹಗಲು 230 ವೋಲ್ಟಿನಲ್ಲಿ ನೀರಿದ್ದಾಗ 6.4 ಆಂಪ್, ಗಾಳಿ ಎಳೆಯುವಾಗ 4.9. ಗಡಿ 5.5ಕ್ಕೆ ಇಟ್ಟದ್ದು. ಮೂರು ದಿನ ಸರಿಯಿತ್ತು. ನಾಲ್ಕನೆಯ ರಾತ್ರಿ 11 ಗಂಟೆಗೆ ಬೇಕೆಂದೇ ಫುಟ್ ವಾಲ್ವ್ ಎತ್ತಿ ಪರೀಕ್ಷಿಸಿದರೆ ಪಂಪು ನಿಲ್ಲಲೇ ಇಲ್ಲ. ರಾತ್ರಿ ವೋಲ್ಟೇಜು 250ಕ್ಕೆ ಏರಿತ್ತು. ಹೊರೆ ಇಲ್ಲದ ಮೋಟಾರು ಎಳೆಯುವ ಕರೆಂಟು ವೋಲ್ಟೇಜಿನ ಜೊತೆ ಏರುತ್ತದೆ, ಹೊರೆ ಇರುವಾಗ ತುಸು ಇಳಿಯುತ್ತದೆ. ಆ ಹೊತ್ತಿಗೆ ಒಣ ಓಟಕ್ಕೆ 5.7, ನೀರಿನ ಓಟಕ್ಕೆ 6.2. ನಡುವೆ ಗಡಿ ಎಳೆಯಲು ಜಾಗವೇ ಇಲ್ಲ.

ಝಡ್‌ಎಂಪಿಟಿ101ಬಿ ವೋಲ್ಟೇಜ್ ಬೋರ್ಡು ಸೇರಿಸಿ, ವೋಲ್ಟೇಜು ಮತ್ತು ಕರೆಂಟನ್ನು ಒಟ್ಟಿಗೆ ಅಳೆದು ನಿಜವಾದ ವ್ಯಾಟ್ ಲೆಕ್ಕ ಹಾಕಿದ್ದು. ಇದಕ್ಕೆ ಓಪನ್‌ಎನರ್ಜಿಮಾನಿಟರ್ ಯೋಜನೆಯ ಎಮಾನ್‌ಲಿಬ್ ಲೈಬ್ರರಿ ಮುಕ್ತವಾಗಿ ಸಿಗುತ್ತದೆ. ಫಲಿತಾಂಶ: 230 ವೋಲ್ಟಿನಲ್ಲಿ ನೀರಿದ್ದಾಗ 1150 ವ್ಯಾಟ್, ಒಣಗಿದಾಗ 520. 250ರಲ್ಲಿ 1180 ಮತ್ತು 600. ಸಂಜೆ 185ಕ್ಕೆ ಇಳಿದಾಗ 1130 ಮತ್ತು 430. ಯಾವ ವೋಲ್ಟೇಜಿನಲ್ಲೂ ನಡುವೆ 500 ವ್ಯಾಟಿಗಿಂತ ಹೆಚ್ಚು ಅಂತರ. ಗಡಿ 750 ವ್ಯಾಟ್. ಚಾಲೂ ಆದ ಮೊದಲ 60 ಸೆಕೆಂಡ್ ನೋಡುವುದಿಲ್ಲ, ಆಮೇಲೆ 10 ಸೆಕೆಂಡ್ ಸತತ ಗಡಿಗಿಂತ ಕೆಳಗಿದ್ದರೆ ನಿಲ್ಲುತ್ತದೆ, ಮತ್ತೆ ಕೈಯಿಂದ ಗುಂಡಿ ಒತ್ತದೆ ಹೊರಡುವುದಿಲ್ಲ. ತಾನಾಗಿ ಮತ್ತೆ ಹೊರಡುವ ವ್ಯವಸ್ಥೆ ಇಲ್ಲಿ ಬೇಡ. ಎಲೆ ಸಿಕ್ಕಿದ ಫುಟ್ ವಾಲ್ವ್ ತಾನಾಗಿ ಸರಿಯಾಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಆಂಪ್ ಮಾತ್ರ ನೋಡುವ ಡ್ರೈ ರನ್ ತಡೆಯನ್ನು ನಮ್ಮ ಊರಿನ ವೋಲ್ಟೇಜಿಗೆ ನಂಬುವ ಹಾಗಿಲ್ಲ ಎಂಬುದು ಈ ಅಂಕಿಗಳಿಂದ ಸ್ಪಷ್ಟ.

ಹಂತ 8. ಸಿಡಿಲು, ಮೇ 14

ಗುಡುಗುಮಳೆ ಕಳೆದ ಮೇಲೆ ಪೆಟ್ಟಿಗೆಯಲ್ಲಿ ದೀಪವಿಲ್ಲ. 230 ವೋಲ್ಟನ್ನು ಇಳಿಸಿ ಕೊಡುವ 5 ವೋಲ್ಟ್ 3 ವ್ಯಾಟಿನ ಎಸ್‌ಎಂಪಿಎಸ್ ಮಾಡ್ಯೂಲ್ ಹೋಗಿತ್ತು. ವೇರಿಸ್ಟರ್ (ವೋಲ್ಟೇಜು ಮಿತಿ ಮೀರಿದಾಗ ಹೆಚ್ಚಿನದ್ದನ್ನು ಹೀರುವ ಭಾಗ) ಹಾಕಿತ್ತು, ಆದರೆ ಫ್ಯೂಸಿಗಿಂತ ಮೊದಲು. ಅದು ಶಾರ್ಟ್ ಆದಾಗ ಕಡಿಯುವ ಫ್ಯೂಸು ದಾರಿಯಲ್ಲಿ ಇರಲಿಲ್ಲ. ತಾಮ್ರದ ಗೆರೆಯೇ ಸುಟ್ಟು ತೆರೆದುಕೊಂಡಿತ್ತು, ಬೋರ್ಡಿನ ಮೇಲೆ ಎರಡು ಸೆಂ.ಮೀ. ಉದ್ದದ ಕರಿ ಪಟ್ಟಿ. ಸರಿಯಾದ ಸಾಲು: ಫೇಸು, 500 ಮಿಲಿಆಂಪ್ ಫ್ಯೂಸು, ಆಮೇಲೆ ಫೇಸು–ನ್ಯೂಟ್ರಲಿಗೆ ಅಡ್ಡ 14ಡಿ471ಕೆ ವೇರಿಸ್ಟರ್, ಆಮೇಲೆ ಮಾಡ್ಯೂಲ್. ಟಾಂಕಿಯ ಪೆಟ್ಟಿಗೆಗೆ ಯಾವ ತಂತಿಯ ಸಂಬಂಧವೂ ಇಲ್ಲದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಆದರೂ ಗುಡುಗು ಕೇಳಿದಾಗ ಎರಡು ಪೋಲಿನ ಸ್ವಿಚ್ಚು ತೆಗೆಯುವುದೇ ಒಳ್ಳೆಯದು. ಹತ್ತಿರ ಬಿದ್ದ ಸಿಡಿಲಿಗೆ ಇಷ್ಟು ಸಣ್ಣ ವೇರಿಸ್ಟರ್ ಏನೂ ಅಲ್ಲ.

ಹಂತ 9. ಮಳೆಗಾಲಕ್ಕೆ ಮೈ ಒಣಗಿಸುವುದು, ಜೂನ್ ಮೊದಲ ವಾರ

ಎರಡೂ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಫ್ಲಕ್ಸ್ ತೆಗೆದು, ಬಿಸಿಲಿನಲ್ಲಿ ಮೂರು ಗಂಟೆ ಒಣಗಿಸಿ, ಅಕ್ರಿಲಿಕ್ ಕೋಟಿಂಗ್ ಎರಡು ಸಲ ಸಿಂಪಡಿಸಿದ್ದು. ಟರ್ಮಿನಲು, ಗುಂಡಿ, ಆಂಟೆನಾ ಬುಡಕ್ಕೆ ಟೇಪು ಅಂಟಿಸಿ ಮುಚ್ಚಿಕೊಳ್ಳಬೇಕು. ಒಂದು ಗುಂಡಿಗೆ ಟೇಪು ಹಾಕಲು ಬಿಟ್ಟುಹೋಗಿ ಅದು ಅಂಟಿಕೊಂಡಿತು, ಬದಲಾಯಿಸಬೇಕಾಯಿತು. ಕೇಬಲ್ ಗ್ಲಾಂಡುಗಳು ಪೆಟ್ಟಿಗೆಯ ಕೆಳಬದಿಗೆ ಮಾತ್ರ. ತಂತಿ ಒಳಗೆ ಹೋಗುವ ಮೊದಲು ಒಮ್ಮೆ ಕೆಳಗೆ ಬಳುಕಿ ಮೇಲೇರಬೇಕು, ನೀರು ಆ ಬಳುಕಿನಿಂದ ತೊಟ್ಟಿಕ್ಕುತ್ತದೆ. ಖಾಲಿ ಉಳಿದ ಗ್ಲಾಂಡಿಗೂ ಬಿರಡೆ ಹಾಕಬೇಕು. ಕಾಂಟ್ಯಾಕ್ಟರಿನ ಬೆಚ್ಚಗಿಗೆ ಇರುವೆ ಗೂಡು ಕಟ್ಟಿದರೆ ಸಂಪರ್ಕದ ನಡುವೆ ಸಿಕ್ಕಿ ಸಾಯುತ್ತವೆ, ಆಮೇಲೆ ಅದು ಕೂರುವುದೂ ಇಲ್ಲ, ಬಿಡುವುದೂ ಇಲ್ಲ.

ಖರ್ಚು

ಪ್ರೊ ಮಿನಿ ಎರಡು 460, ರೇಡಿಯೋ ಎರಡು 1300, ರೆಗ್ಯುಲೇಟರ್ ಎರಡು 40, ಸೆಲ್ಲು 180, ಚಾರ್ಜರ್ 25, ಸೋಲಾರ್ 150, ಸಲಾಕೆ ಮತ್ತು ಮರೆ ಕೊಯ್ಸಿದ್ದು 420, ಕಾಂಟ್ಯಾಕ್ಟರ್ 850, ರಿಲೇ 30, ಕ್ಲಾಂಪ್ 450, ವೋಲ್ಟೇಜ್ ಬೋರ್ಡು 180, ಎಸ್‌ಎಂಪಿಎಸ್ 220, ಪೆಟ್ಟಿಗೆ ಎರಡು 520, ಫ್ಯೂಸು–ವೇರಿಸ್ಟರ್–ಎಕ್ಸ್2 90, ಕೋಟಿಂಗ್ 350, ಫೆರುಲು 80, ತಂತಿ–ಗ್ಲಾಂಡು 300. ಒಟ್ಟು 5,645. ಹಾಳು ಮಾಡಿದ್ದು ಬೇರೆ: ಅಲ್ಟ್ರಾಸಾನಿಕ್ 350, ರೇಡಿಯೋ 650, ರಿಲೇ ಬೋರ್ಡು 60, ಎಸ್‌ಎಂಪಿಎಸ್ 220, ಸೇರಿ 1,280.

ಸರ್ಕ್ಯೂಟಿನ ಚಿತ್ರ ಕಿಕ್ಯಾಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಬರೆದದ್ದು. ಸೆರ್ನ್ ಮುಕ್ತ ಹಾರ್ಡ್‌ವೇರ್ ಪರವಾನಗಿಯಡಿ ಕೊಡುವುದರಿಂದ ಯಾರು ಬೇಕಾದರೂ ಕಟ್ಟಬಹುದು, ತಿದ್ದಬಹುದು, ಮಾರಲೂಬಹುದು. ತಿದ್ದಿದ್ದನ್ನು ಹಂಚುವಾಗ ಅದರ ಚಿತ್ರವನ್ನೂ ಕೊಡಬೇಕು ಎಂಬ ಬಗೆಯನ್ನು ಆರಿಸಿದ್ದು. ಮುಂದಿನ ಬೋರ್ಡಿನಲ್ಲಿ ಎರಡು ಬದಲಾವಣೆ ಇವೆ: ಸೋಲಾರ್ ಭಾಗ ಪೂರ್ತಿ ತೆಗೆಯುವುದು, ಮತ್ತು ರೇಡಿಯೋಗೆ 2 ಮಿ.ಮೀ. ಅಂತರದ ಸರಿಯಾದ ಜಾಗ ಕೊಡುವುದು.

ಜೂನ್ 20ಕ್ಕೆ ಪಂಪಿನ ಕೆಲಸ ಮುಗಿದು ಸಲಾಕೆಗಳನ್ನು ಮೇಲೆತ್ತಿದ್ದು. ತುದಿಗಳ ಮೇಲೆ ತೆಳ್ಳಗೆ ಕಂದು ಲೋಳೆ, ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಯಿತು. ಹೀಟ್ ಶ್ರಿಂಕ್ ಒಂದರ ಕೆಳಬಾಯಿಯಲ್ಲಿ ಮಾತ್ರ ನೀರು ಮೂರು ಸೆಂ.ಮೀ. ಒಳಗೆ ಏರಿದೆ. ಒಳಗೆ ಅಂಟು ಇರುವ ಬಗೆಯ ಕೊಳವೆ ತರಿಸಿದ್ದಾಗಿದೆ, ನವೆಂಬರಿನಲ್ಲಿ ಮತ್ತೆ ಇಳಿಸುವ ಮೊದಲು ನಾಲ್ಕಕ್ಕೂ ಅದನ್ನೇ ಹಾಕುವುದು. ಸೆಲ್ಲಿನ ವೋಲ್ಟೇಜು ಈಗ 3.98.